ಹೊಸ ಪುಸ್ತಕಗಳಲ್ಲಿ ಯಾವುದನ್ನು ಓದೋಣ?

“ಪಠ್ಯವನ್ನು ಬಿಟ್ಟು ಬೇರೆ ಏನನ್ನಾದರೂ ಓದಬೇಕೆಂದಿದ್ದೇನೆ. ಯಾವುದನ್ನು ಓದಲಿ?” ಎಂದು ಕೇಳುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೆಲವರು ಇರುತ್ತಾರೆ. ಅವರ ಸಂಖ್ಯೆ ಕಡಮೆ. ಆದರೆ ಕೇಳುವವರು ಮನಸ್ಸಿಟ್ಟು ಕೇಳುತ್ತಾರೆ. ಹಳೆಯ ಪುಸ್ತಕಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಕುಮಾರವ್ಯಾಸನನ್ನು ಓದಿ, ವಚನಗಳನ್ನು ಓದಿ, ‘ಮರಳಿ ಮಣ್ಣಿಗೆ’ಯನ್ನು ಓದಿ, ‘ಚಿಕವೀರ ರಾಜೇಂದ್ರ’ವನ್ನು ಓದಿ ಎಂದು ಯಾರೂ ಧೈರ್ಯವಾಗಿ ಹೇಳಬಹುದು. ಕಾಲವೇ ಜರಡಿ ಹಿಡಿದು ಜೊಳ್ಳನ್ನು ತೂರಿ ಕಾಳನ್ನು ಉಳಿಸಿಕೊಟ್ಟಿದೆ. ಹೊಸ ಪುಸ್ತಕದ ಸಂಗತಿ ಹಾಗಲ್ಲ. ಅಲ್ಲಿ ಜರಡಿಯನ್ನು ಓದುವವನೇ ಹಿಡಿಯಬೇಕು.

ಹೊಸ ಪುಸ್ತಕಗಳನ್ನು ನಮ್ಮ ವಿದ್ಯಾರ್ಥಿಗಳು ಓದಲೇಬೇಕೆನ್ನುವುದು ಈ ಕಾರಣಕ್ಕಾಗಿಯೇ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ‘ವಿಮರ್ಶಿಸಿರಿ’ ಎಂಬ ಮಾತು ಬರುತ್ತದೆ. ವಿಮರ್ಶೆ ಮಾತ್ರ ಆಗಲೇ ಗೈಡಿನಲ್ಲಿ ಅಚ್ಚಾಗಿರುತ್ತದೆ. ಬಾಯಿಪಾಠ ಮಾಡಿ ಬರೆದರೆ ಅಂಕಗಳು ಬರುತ್ತವೆ. ಮೂರು ವರ್ಷ ಸಾಹಿತ್ಯವನ್ನು ಓದಿಯೂ ಒಂದು ಕಥೆ ತನಗೆ ಏಕೆ ಹಿಡಿಸಿತು, ಇನ್ನೊಂದು ಏಕೆ ಹಿಡಿಸಲಿಲ್ಲ ಎಂದು ಸ್ವಂತ ಮಾತಿನಲ್ಲಿ ಹೇಳಲಾರದ ಪದವೀಧರರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹೋದ ವರ್ಷ ಬಂದ ಕಾದಂಬರಿಗೆ ಗೈಡು ಇಲ್ಲ. ಅದನ್ನು ಓದಿದವನು ತನ್ನ ಮನಸ್ಸನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಲೇಖಕರ ಕಡೆಯಿಂದ ನೋಡಿದರೂ ಇದು ಸಣ್ಣ ಮಾತಲ್ಲ. ಕನ್ನಡದ ಹೊಸ ಪುಸ್ತಕವೊಂದು ಸಾಮಾನ್ಯವಾಗಿ ಸಾವಿರ ಪ್ರತಿಗಳಷ್ಟು ಅಚ್ಚಾಗುತ್ತದೆ. ಹಲವು ವೇಳೆ ಅದಕ್ಕಿಂತ ಕಡಮೆ. ಕೋಟಿಗಟ್ಟಲೆ ಜನ ಆಡುವ ಭಾಷೆಯಲ್ಲಿ ಸಾವಿರ ಪ್ರತಿ ಮುಗಿಯಲು ವರ್ಷಗಳು ಬೇಕಾಗುತ್ತವೆಂದರೆ ತಪ್ಪು ಯಾರದೆಂದು ವಿಚಾರಿಸುತ್ತ ಕೂರುವುದಕ್ಕಿಂತ, ಒಂದು ಪ್ರತಿಯನ್ನು ಕೈಗೆ ತೆಗೆದುಕೊಳ್ಳುವುದು ಮೇಲು.

ಇಲ್ಲಿ ‘ಹೊಸದು’ ಎಂದರೆ, ಬಹುಮಟ್ಟಿಗೆ, ಕಳೆದ ಏಳೆಂಟು ವರ್ಷಗಳಲ್ಲಿ ಬಂದದ್ದು ಅಥವಾ ಆ ಅವಧಿಯಲ್ಲಿ ಎಲ್ಲರ ಬಾಯಿಗೆ ಬಿದ್ದದ್ದು ಎಂದು ಇಟ್ಟುಕೊಂಡಿದ್ದೇನೆ. ಪ್ರಶಸ್ತಿ ಬಂದದ್ದೇ ಹೊಸ ಪುಸ್ತಕವೆಂದು ಅನೇಕರು ತಿಳಿಯುತ್ತಾರೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಕ್ರಮವನ್ನೇ ನೋಡಿ: ಪ್ರಶಸ್ತಿಯ ವರ್ಷಕ್ಕೆ ಹಿಂದಿನ ಒಂದು ವರ್ಷವನ್ನು ಬಿಟ್ಟು, ಅದಕ್ಕೂ ಹಿಂದಿನ ಐದು ವರ್ಷಗಳಲ್ಲಿ ಮೊದಲ ಬಾರಿಗೆ ಪ್ರಕಟವಾದ ಪುಸ್ತಕಗಳನ್ನು ಅದು ಪರಿಶೀಲಿಸುತ್ತದೆ. ಹೀಗಾಗಿ 2024ರ ಪ್ರಶಸ್ತಿಗೆ 2018ರಿಂದ 2022ರವರೆಗಿನ ಪುಸ್ತಕಗಳು ಲೆಕ್ಕಕ್ಕೆ ಬಂದುವು. ಪತ್ರಿಕೆಯಲ್ಲಿ ಪ್ರಶಸ್ತಿಯ ಸುದ್ದಿ ಓದಿ ನಾವು ಅಂಗಡಿಗೆ ಓಡುವ ವೇಳೆಗೆ ಪುಸ್ತಕಕ್ಕೆ ಆಗಲೇ ಕೆಲವು ವರ್ಷ ವಯಸ್ಸಾಗಿರುತ್ತದೆ. ಪ್ರಶಸ್ತಿ ದಾರಿ ತೋರಿಸುವ ಕೈಮರ ಮಾತ್ರ. ನಡೆಯುವ ಕೆಲಸ ನಮ್ಮದು.

ಇದಕ್ಕೆ ಬಾನು ಮುಷ್ತಾಕರ ಕಥೆಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2025ರ ಮೇ ತಿಂಗಳಲ್ಲಿ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕನ್ನಡದಿಂದ ಅನುವಾದವಾದ ಪುಸ್ತಕವೊಂದಕ್ಕೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ದೊರೆತದ್ದೂ ಅದೇ ಮೊದಲು. ಐವತ್ತು ಸಾವಿರ ಪೌಂಡಿನ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿ ದೀಪಾ ಭಾಸ್ತಿ ಸಮವಾಗಿ ಹಂಚಿಕೊಂಡರು. ಊರೂರಿನಲ್ಲಿ ಅಭಿನಂದನೆಗಳು ನಡೆದುವು. ಆದರೆ ಆ ಸಂಕಲನದ ಹನ್ನೆರಡು ಕಥೆಗಳು 1990ರಿಂದ 2023ರವರೆಗೆ ಕನ್ನಡದಲ್ಲಿ ಬರೆದವು. ‘ಹೆಜ್ಜೆ ಮೂಡಿದ ಹಾದಿ’, ‘ಬೆಂಕಿ ಮಳೆ’, ‘ಎದೆಯ ಹಣತೆ’, ‘ಸಫೀರಾ’ ಮೊದಲಾದ ಹೆಸರುಗಳಲ್ಲಿ ಈ ಲೇಖಕಿಯ ಕಥೆಗಳು ನಮ್ಮ ಗ್ರಂಥಾಲಯಗಳ ಬೀರುಗಳಲ್ಲಿ ಎಷ್ಟೋ ವರ್ಷ ಸುಮ್ಮನೆ ನಿಂತಿದ್ದುವು. ಹಾಸನದಲ್ಲಿ ವಕೀಲರಾಗಿದ್ದುಕೊಂಡು ಬರೆದವರ ಕಥೆಗಳ ಸುದ್ದಿ ಹಾಸನದ ಹುಡುಗರಿಗೆ ಲಂಡನ್ನಿನಿಂದ ತಲುಪಿತು!

ಪ್ರಶಸ್ತಿಯ ಸಡಗರವನ್ನು ಮರೆತು ಈ ಕಥೆಗಳನ್ನು ಕನ್ನಡದಲ್ಲಿಯೇ ಓದಬೇಕು. ‘ಕರಿ ನಾಗರಗಳು’ ಎಂಬ ಕಥೆಯಲ್ಲಿ, ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ನ್ಯಾಯ ಕೇಳಲು ಮಸೀದಿಯ ಮುತವಲ್ಲಿಯ ಬಳಿಗೆ ಬರುತ್ತಾಳೆ. ನ್ಯಾಯ ಕೊಡಬೇಕಾದವನು ಅತ್ತಿತ್ತ ನೋಡುತ್ತಾನೆ. ಧರ್ಮಗ್ರಂಥ ತನಗೆ ಏನನ್ನು ಕೊಟ್ಟಿದೆಯೆಂಬುದು ಅವಳಿಗೆ ಕೇಳಿ ಗೊತ್ತು. ಕೊಡುವವರು ಮಾತ್ರ ಇಲ್ಲ. ಈ ಕಥೆಯನ್ನೇ ಗಿರೀಶ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಎಂಬ ಚಿತ್ರವಾಗಿ ತೆಗೆದರು. ‘ಎದೆಯ ಹಣತೆ’ಯಲ್ಲಿ ಗಂಡನಿಂದ ನೊಂದು ತವರಿಗೆ ಬಂದವಳನ್ನು ಅಣ್ಣತಮ್ಮಂದಿರು ಮರ್ಯಾದೆಯ ಹೆಸರಿನಲ್ಲಿ ಅದೇ ಮನೆಗೆ ತಿರುಗಿ ತಂದುಬಿಡುತ್ತಾರೆ, ಬಾಳೇ ಬೇಡವೆಂದು ಹೊರಟ ತಾಯಿಯನ್ನು ಕೊನೆಗೆ ಮಗಳ ಕೂಗು ಹಿಡಿದು ನಿಲ್ಲಿಸುತ್ತದೆ. ಇನ್ನೊಂದು ಕಥೆಯಲ್ಲಿ ಹೆಂಡತಿಯ ಮೇಲೆ ಷಹಜಹಾನನ ಪ್ರೀತಿಯನ್ನು ಸುರಿಸುವ ಗೃಹಸ್ಥನೊಬ್ಬ, ಅವಳು ತೀರಿಕೊಂಡ ಕೆಲವೇ ದಿನಗಳಲ್ಲಿ ಎರಡನೆಯ ಮದುವೆಯಾಗುತ್ತಾನೆ. ಲೇಖಕಿ ಇಲ್ಲಿ ಕೂಗಾಡುವುದಿಲ್ಲ, ನಗುತ್ತಾರೆ. ಆ ನಗು ಚುಚ್ಚುತ್ತದೆ.

ಎಲ್ಲ ಕಥೆಗಳೂ ಒಂದೇ ತೂಕದವೆನ್ನಲಾರೆ. ಕೆಲವದರ ಕೊನೆಯಲ್ಲಿ ಪಾತ್ರದ ಮಾತಿಗಿಂತ ಲೇಖಕಿಯ ಸಿಟ್ಟು ನಾಲ್ಕು ಹೆಜ್ಜೆ ಮುಂದೆ ನಡೆದುಬಿಡುತ್ತದೆ. ಬೂಕರ್ ಬಂದ ಪುಸ್ತಕದ ಬಗ್ಗೆ ಹೀಗೆ ಹೇಳಬಹುದೆ ಎಂದು ಯಾರಾದರೂ ಕೇಳಿಯಾರು. ಹೇಳಬಹುದು, ಓದಿ ಹೇಳಬೇಕು, ಅಷ್ಟೆ. ಇವುಗಳ ಜೊತೆಗೆ ಸಾರಾ ಅಬೂಬಕ್ಕರರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನೂ ಓದಿದರೆ, 1980ರ ದಶಕದಲ್ಲಿ ಗಡಿನಾಡಿನ ನಾದಿರಾಳ ದುಃಖದಿಂದ ಆರಂಭವಾದ ಮಾತು ಎಷ್ಟು ದೂರ ನಡೆದು ಬಂದಿದೆಯೆಂಬುದು ತಿಳಿಯುತ್ತದೆ. ಹೊಸದೊಂದು, ಅದರ ಬೆನ್ನಿಗಿರುವ ಹಳೆಯದೊಂದು, ಹೀಗೆ ಜೋಡಿಯಾಗಿ ಓದುವುದು ಒಳ್ಳೆಯ ಅಭ್ಯಾಸ. ತೂಗಿ ನೋಡಲು ತಕ್ಕಡಿಗೆ ಎರಡು ತಟ್ಟೆ ಬೇಕಲ್ಲವೆ?

ಕಾದಂಬರಿಗಳಿಗೆ ಬರೋಣ. ಇತಿಹಾಸದ ವಿದ್ಯಾರ್ಥಿಗಳು ಬಿಡದೆ ಓದಬೇಕಾದದ್ದು ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019). ತೇಜೋ ಎಂಬುದು ಲಿಸ್ಬನ್ ನಗರದ ಮಗ್ಗುಲಲ್ಲಿ ಹರಿದು ಸಮುದ್ರ ಸೇರುವ ನದಿ, ತುಂಗಭದ್ರೆ ನಮ್ಮದು. ಎರಡು ನದಿಗಳ ದಂಡೆಯ ಸಾಮಾನ್ಯ ಜನರ ಬಾಳು, ಮೆಣಸಿನ ವ್ಯಾಪಾರವೆಂಬ ಒಂದು ಹಗ್ಗದಿಂದ ಹೇಗೆ ಕಟ್ಟಲ್ಪಟ್ಟಿತೆಂಬುದೇ ಇದರ ವಸ್ತು. ತರಗತಿಯಲ್ಲಿ ನಾವು 1492ರಲ್ಲಿ ಸ್ಪೇನಿನಿಂದ ಯೆಹೂದ್ಯರನ್ನು ಹೊರದೂಡಿದರು, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ, 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು ಎಂದು ಬೇರೆ ಬೇರೆ ಪಾಠಗಳಲ್ಲಿ ಓದುತ್ತೇವೆ. ಈ ನಾಲ್ಕೂ ಒಂದೇ ಕಥೆಯ ತುಂಡುಗಳೆಂಬುದು ನಮಗೆ ಹೊಳೆಯುವುದಿಲ್ಲ. ಈ ಕಾದಂಬರಿಯಲ್ಲಿ ಅದು ಹೊಳೆಯುತ್ತದೆ. ಲಿಸ್ಬನ್ನಿನ ಬಡ ಹುಡುಗ ಗೇಬ್ರಿಯಲ್, ಅವನು ಪ್ರೀತಿಸಿದ ಯೆಹೂದಿ ಹುಡುಗಿ ಬೆಲ್ಲಾ ಒಂದು ಕಡೆ. ವಿಜಯನಗರದ ಸೀಮೆಯ ತೆಂಬಕಪುರದ ಹಂಪಮ್ಮ ಮತ್ತು ಕೇಶವ ಇನ್ನೊಂದು ಕಡೆ. ರಾಜರು ಇಲ್ಲಿ ದೂರದಲ್ಲಿದ್ದಾರೆ. ಅವರ ಆಜ್ಞೆಗಳು ಮಾತ್ರ ಹತ್ತಿರಕ್ಕೆ ಬಂದು ತಲೆಯ ಮೇಲೆ ಬೀಳುತ್ತವೆ.

ಸತಿ ಪದ್ಧತಿ, ಒಡೆಯನ ಜೊತೆಯಲ್ಲಿಯೇ ಸಾಯುವೆನೆಂದು ಆಣೆ ಮಾಡುವ ಲೆಂಕವಾಳಿಗಳ ಪದ್ಧತಿ ಇವುಗಳ ಚಿತ್ರ ಇಲ್ಲಿ ಮೈ ನಡುಗಿಸುವಂತಿದೆ. ಲೆಂಕರ ಮಾತು ಕಲ್ಪನೆಯೆಂದು ತಿಳಿಯಬಾರದು. ಹಳೇಬೀಡಿಗೆ ಪ್ರವಾಸ ಹೋದಾಗ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲಿರುವ ಕುವರ ಲಕ್ಷ್ಮನ ಸ್ತಂಭವನ್ನು ನೋಡಬಹುದು. ಇಮ್ಮಡಿ ಬಲ್ಲಾಳನ ಜೊತೆಯಲ್ಲಿ ಪ್ರಾಣ ಬಿಟ್ಟವರ ನೆನಪು ಅಲ್ಲಿ ಕಲ್ಲಿನಲ್ಲಿಯೇ ನಿಂತಿದೆ. ಕಾದಂಬರಿಯ ಎರಡು ಎಳೆಗಳು ಕೂಡುವ ಭಾಗದಲ್ಲಿ ಆಕಸ್ಮಿಕಗಳು ತುಸು ಹೆಚ್ಚಾದುವೆಂದು ಕೆಲವರಿಗೆ ಅನ್ನಿಸಬಹುದು; ನನಗೂ ಅನ್ನಿಸಿತು. ಆದರೂ ಐನೂರು ವರ್ಷದ ಹಿಂದಿನ ಬಂದರಿನ ನಾತ, ಹಡಗಿನ ಹಸಿವು, ಊರಬಾವಿಯ ಮಾತು ಇವೆಲ್ಲ ಮನಸ್ಸಿನಲ್ಲಿ ನಿಲ್ಲುತ್ತವೆ. ಇದನ್ನು ಓದಿ ಮುಗಿಸಿದವರು ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಎತ್ತಿಕೊಳ್ಳಲಿ. ಅಲ್ಲಿ ಇತಿಹಾಸ ಕೋಟೆಯ ಒಳಗಿನಿಂದ ಕಾಣುತ್ತದೆ, ಇಲ್ಲಿ ಕೋಟೆಯ ಹೊರಗಿನಿಂದ. ವಸುಧೇಂದ್ರರ ಮುಂದಿನ ಕಾದಂಬರಿ ‘ರೇಷ್ಮೆ ಬಟ್ಟೆ’ ಇನ್ನೂ ಹಿಂದಿನ ಕಾಲಕ್ಕೆ, ರೇಷ್ಮೆಯ ವ್ಯಾಪಾರ ನಡೆದ ದಾರಿಗೆ ನಮ್ಮನ್ನು ಕರೆದೊಯ್ಯುತ್ತದೆ.

ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021) ತೀರ ಬೇರೆ ಜಾತಿಯ ಬರವಣಿಗೆ. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಉದ್ಯೋಗದಲ್ಲಿರುವ ಒಬ್ಬ ಮಧ್ಯವಯಸ್ಕ, ಅವನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಒಂದು ದಿನ ಇಬ್ಬರು ಅಪರಿಚಿತ ಹುಡುಗರು ಬಾಗಿಲು ತಟ್ಟಿ ಮಗಳನ್ನು ಕೇಳುತ್ತಾರೆ. ಅಲ್ಲಿಂದ ಮುಂದೆ ಮನೆಯ ನೆಮ್ಮದಿ ಒಂದೊಂದಾಗಿ ಕಳಚುತ್ತದೆ. ಕಥೆಯನ್ನು ಹೇಳುವವನು ತಂದೆಯೇ. ತಾನು ಬಹಳ ಉದಾರಿ, ಹೆಂಡತಿ ಮಗಳಿಗೆ ಸ್ವಾತಂತ್ರ್ಯ ಕೊಟ್ಟವನು ಎಂದು ಅವನು ನಂಬಿದ್ದಾನೆ. ಅವನ ಮಾತನ್ನು ಎಷ್ಟು ನಂಬಬೇಕೆಂಬುದು ಓದುವವನಿಗೆ ಬಿಟ್ಟದ್ದು. ಜೀವನದಲ್ಲಿ ಮುಂದೆ ಬರುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳ ಮೇಲೆ ಇವನಿಗೆ ಪ್ರೀತಿ. ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಈಗ ಹೆಚ್ಚಾಗಿ ಕಾಣುವುದೂ ಅಂಥ ಪುಸ್ತಕಗಳೇ ಆದುದರಿಂದ ಈ ಪಾತ್ರದ ಪರಿಚಯ ಅವರಿಗೆ ಅವಶ್ಯ. ಇದರ ಜೊತೆಗೆ ಓದಲು ಯಶವಂತ ಚಿತ್ತಾಲರ ‘ಶಿಕಾರಿ’ಗಿಂತ ತಕ್ಕದ್ದು ಇಲ್ಲ, ಮುಂಬಯಿಯ ನಾಗಪ್ಪನ ಭಯ ಮತ್ತು ಬೆಂಗಳೂರಿನ ಈ ತಂದೆಯ ಭಯ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಸಣ್ಣಕಥೆಗಳಲ್ಲಿ ಹೊಸಬರು ಬಹಳ ಮಂದಿ. ಸ್ವಾಮಿ ಪೊನ್ನಾಚಿಯವರ ‘ಧೂಪದ ಮಕ್ಕಳು’, ದಾದಾಪೀರ್ ಜೈಮನ್ ಅವರ ‘ನೀಲಕುರಿಂಜಿ’, ಮಂಜುನಾಯಕ ಚಳ್ಳೂರು ಅವರ ‘ಫೂ ಮತ್ತು ಇತರ ಕಥೆಗಳು’ ಈ ಮೂರೂ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದವು: ಕ್ರಮವಾಗಿ 2020, 2022 ಮತ್ತು 2023ರಲ್ಲಿ. ಮೂವತ್ತೈದರ ಒಳಗಿನವರಿಗೆ ಕೊಡುವ ಪುರಸ್ಕಾರ ಅದು. ಇವರು ದೊಡ್ಡ ನಗರದ ದೊಡ್ಡ ಮನೆಗಳಿಂದ ಬಂದವರಲ್ಲ. ನಮ್ಮಂಥ ಕಾಲೇಜಿನ ಬೆಂಚುಗಳ ಮೇಲೆ ಕೂರುವವರ ಬಾಳನ್ನೇ ಬರೆದವರು. ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವ ಹುಡುಗನಿಗೆ ತನ್ನ ಕೇರಿಯ ಮಾತು ಅಚ್ಚಾದ ಪುಟದಲ್ಲಿ ಕಂಡರೆ ಆಗುವ ಸಂತೋಷವೇ ಬೇರೆ. ವಸುಧೇಂದ್ರರ ಛಂದ ಪುಸ್ತಕ ಪ್ರಕಾಶನ ಮೊದಲ ಸಂಕಲನ ತರುವ ಕಥೆಗಾರರಿಗಾಗಿಯೇ ಹಸ್ತಪ್ರತಿಯ ಸ್ಪರ್ಧೆಯನ್ನು ನಡೆಸಿಕೊಂಡು ಬಂದಿದೆಯೆಂಬುದನ್ನು, ಈ ಸಂಚಿಕೆಗೆ ಕಥೆ ಬರೆದುಕೊಟ್ಟ ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು.

ಆತ್ಮಕಥೆಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಕಾಲದಲ್ಲಿ ಆತ್ಮಕಥೆಯೆಂದರೆ ಹೆಸರಾದವರು ಸಂಜೆಯ ಹೊತ್ತಿನಲ್ಲಿ ಹಿಂದಿರುಗಿ ನೋಡಿ ಬರೆಯುವ ಪುಸ್ತಕ. ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಅಂಥವು, ದೊಡ್ಡವು. 1990ರ ದಶಕದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರು ಕೇರಿ’ ಬಂದ ಮೇಲೆ ಈ ಲೆಕ್ಕಾಚಾರ ಬದಲಾಯಿತು. ಹೆಸರಾದವರು ಬರೆಯುವುದಕ್ಕೆ ಬದಲಾಗಿ, ಹೇಳದೆ ಇರಲಾರದವರು ಬರೆಯತೊಡಗಿದರು.

ಆ ಸಾಲಿನಲ್ಲಿ ಈಚೆಗೆ ಬಂದವುಗಳಲ್ಲಿ ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’ ಮುಖ್ಯವಾದದ್ದು. ಅರುಣ್ ಜೋಳದಕೂಡ್ಲಿಗಿಯವರು ಅದನ್ನು ಬರೆಹಕ್ಕೆ ಇಳಿಸಿದ್ದಾರೆ. ಬಳ್ಳಾರಿ ಸೀಮೆಯಲ್ಲಿ ಗಂಡಾಗಿ ಹುಟ್ಟಿ, ತಾನು ಹೆಣ್ಣೆಂದು ತಿಳಿದು, ಮನೆಯಿಂದ ಹೊರಬಿದ್ದು, ಜೋಗತಿ ಕುಣಿತವನ್ನು ಬಾಳಾಗಿಸಿಕೊಂಡವರ ಕಥೆ ಇದು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀಯನ್ನು ಸ್ವೀಕರಿಸಿದರು. ಪದವಿ ಪುರಸ್ಕಾರಗಳ ಪುಟಗಳಿಗಿಂತ ಅವರು ಹಸಿದು ಅಲೆದ ಪುಟಗಳೇ ಪುಸ್ತಕದ ಜೀವ. ಬಸ್ ನಿಲ್ದಾಣದಲ್ಲಿ ಚಪ್ಪಾಳೆ ತಟ್ಟಿ ಕೈ ಚಾಚುವವರನ್ನು ಕಂಡು ನಕ್ಕು ಸರಿಯುವ ಗೆಳೆಯರ ಗುಂಪು ಎಲ್ಲ ಕಾಲೇಜಿನಲ್ಲಿಯೂ ಇದೆ. ಈ ಪುಸ್ತಕವನ್ನು ಓದಿದ ಮೇಲೆ ಆ ನಗು ಅಷ್ಟು ಸುಲಭವಾಗಿ ಬರಲಾರದು.

ಡಾ. ವಿಜಯಾ ಅವರ ‘ಕುದಿ ಎಸರು’ 2019ರ ಅಕಾಡೆಮಿ ಪ್ರಶಸ್ತಿ ಪಡೆದ ಆತ್ಮಕಥೆ. ಸಂಸಾರದಲ್ಲಿ ಉಂಡ ನೋವನ್ನು ಮುಚ್ಚುಮರೆಯಿಲ್ಲದೆ ಹೇಳಿ, ಪತ್ರಿಕೋದ್ಯಮ ಮತ್ತು ಬೀದಿನಾಟಕಗಳ ಕಡೆಗೆ ತಾವು ದಾರಿ ಮಾಡಿಕೊಂಡುದನ್ನು ಹೇಳುತ್ತಾರೆ. ಹೆಸರೇ ಅರ್ಧ ಕಥೆಯನ್ನು ಹೇಳುತ್ತದೆ. ಪುರುಷೋತ್ತಮ ಬಿಳಿಮಲೆಯವರ ‘ಕಾಗೆ ಮುಟ್ಟಿದ ನೀರು’ ಸುಳ್ಯದ ಕಡೆಯ ಹಳ್ಳಿಯಿಂದ ದೆಹಲಿಯವರೆಗಿನ ಪ್ರಯಾಣ. ಬಡತನದಲ್ಲಿ ಓದಿ ಮುಂದೆ ಬಂದವರ ಬರೆವಣಿಗೆಯಲ್ಲಿ ಅಪರೂಪವಾದ ನಗೆ ಇದರಲ್ಲಿದೆ. ಮೂರರಲ್ಲಿ ಒಂದನ್ನೇ ಓದಲು ಪುರುಸೊತ್ತು ಎನ್ನುವವರು ಮಂಜಮ್ಮನವರದನ್ನು ಓದಲಿ.

ವಿಚಾರಸಾಹಿತ್ಯವೆಂದರೆ ನಮ್ಮ ವಿದ್ಯಾರ್ಥಿಗಳು ದೂರ ಸರಿಯುತ್ತಾರೆ. ತಪ್ಪು ಅವರದು ಮಾತ್ರವಲ್ಲ, ಆ ಬರೆವಣಿಗೆಯ ಭಾಷೆಯದೂ ಹೌದು. ಕೆ.ವಿ. ನಾರಾಯಣರ ‘ನುಡಿಗಳ ಅಳಿವು’ ಈ ದೂರಿಗೆ ಅವಕಾಶ ಕೊಡುವುದಿಲ್ಲ. 2024ರ ಅಕಾಡೆಮಿ ಪ್ರಶಸ್ತಿ ಇದಕ್ಕೆ ಬಂದಿತು. ಭಾಷಾಶಾಸ್ತ್ರದ ಕಠಿಣ ವಿಷಯವನ್ನು ಕನ್ನಡದ ಸ್ವಂತ ಮಾತುಗಳಲ್ಲಿ ಹೇಳುವುದು ಈ ಲೇಖಕರ ಬಹುದಿನದ ಕ್ರಮ. ಮೊದಲ ಕೆಲವು ಪುಟ ಹೊಸ ಹೊಸ ಪದಗಳು ಕಾಲಿಗೆ ತೊಡರುತ್ತವೆ. ತಾಳ್ಮೆಯಿಂದ ದಾಟಿದರೆ ಮುಂದೆ ದಾರಿ ಸರಾಗ. ವಿಷಯ ದೂರದ್ದಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 4.37 ಕೋಟಿ, ತುಳು ಸುಮಾರು 18.5 ಲಕ್ಷ, ಕೊಡವ ಒಂದು ಲಕ್ಷ ಹದಿನಾಲ್ಕು ಸಾವಿರದಷ್ಟು. ತುಳು, ಕೊಡವ, ಕೊರಗ ನುಡಿಗಳು ಯುನೆಸ್ಕೋ ಸಂಸ್ಥೆಯ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಸೇರಿವೆ. ಇಂಗ್ಲಿಷಿನ ಎದುರು ಕನ್ನಡ ಅಳಿಯುತ್ತದೆಯೆಂದು ಭಾಷಣ ಮಾಡುವ ನಾವು, ಕನ್ನಡದ ಮಗ್ಗುಲಲ್ಲಿ ಯಾವ ನುಡಿ ಅಳಿಯುತ್ತಿದೆಯೆಂದು ನೋಡುವುದು ಕಡಮೆ. ಮನೆಯಲ್ಲಿ ಒಂದು ನುಡಿ, ತರಗತಿಯಲ್ಲಿ ಇನ್ನೊಂದು ನುಡಿ ಆಡುವ ವಿದ್ಯಾರ್ಥಿಗಳು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

2021ರ ಪ್ರಶಸ್ತಿ ಪಡೆದ ಡಿ.ಎಸ್. ನಾಗಭೂಷಣರ ‘ಗಾಂಧಿ ಕಥನ’ ದಪ್ಪ ಪುಸ್ತಕ. ಲೋಹಿಯಾ ವಿಚಾರದಲ್ಲಿ ಬೆಳೆದ ಸಮಾಜವಾದಿಯೊಬ್ಬರು ಗಾಂಧಿಯವರ ಬಾಳನ್ನು ಹೇಳಿದ್ದಾರೆ. ಅವರು 2022ರಲ್ಲಿ ತೀರಿಕೊಂಡರು. ಗಾಂಧಿಯವರನ್ನು ಹೊಗಳುವವರೂ ತೆಗಳುವವರೂ ಓದದೆಯೇ ಮಾತಾಡುವ ಈ ದಿನಗಳಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲುವವರಾದರೂ ಇದನ್ನು ನೋಡಬೇಕು. ಲಕ್ಷ್ಮೀಶ ತೋಳ್ಪಾಡಿಯವರ ‘ಮಹಾಭಾರತ ಅನುಸಂಧಾನದ ಭಾರತಯಾತ್ರೆ’ಗೆ 2023ರಲ್ಲಿ ಪ್ರಶಸ್ತಿ ಬಂದಿತು. ಒಂದೊಂದು ಪ್ರಬಂಧವನ್ನು ನಿಧಾನವಾಗಿ, ಬಿಡುವು ಕೊಟ್ಟು ಓದಬೇಕಾದ ಪುಸ್ತಕ ಅದು.

ಕವಿತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕವಿತೆಯನ್ನು ಶಿಫಾರಸು ಮಾಡುವುದು ಊಟವನ್ನು ವರ್ಣಿಸಿದಂತೆ. ಶ್ರುತಿ ಬಿ.ಆರ್. ಅವರ ‘ಜೀರೋ ಬ್ಯಾಲೆನ್ಸ್’ (2024ರ ಯುವ ಪುರಸ್ಕಾರ) ಸಂಕಲನವನ್ನು ತೆರೆದು ನಾಲ್ಕು ಕವಿತೆ ಓದಿ ನೋಡಿ, ಹಿಡಿಸಿದರೆ ಮುಂದುವರಿಯಿರಿ. ವಿಜ್ಞಾನದ ಹೊಸ ಪುಸ್ತಕಗಳು ಕನ್ನಡದಲ್ಲಿ ಇನ್ನೂ ಕಡಮೆಯೇ. 2018ರಲ್ಲಿ ಸ್ಟಾಕ್‌ಹೋಮಿನ ಸಂಸತ್ತಿನ ಮುಂದೆ ಶಾಲೆ ಬಿಟ್ಟು ಕುಳಿತ ಹುಡುಗಿ ಗ್ರೇತಾ ಥನ್‌ಬರ್ಗ್ ಬಗ್ಗೆ ನಾಗೇಶ ಹೆಗಡೆಯವರು ಬರೆದ ಪುಸ್ತಕ ಕಲಾ ವಿಭಾಗದವರಿಗೂ ಹೊರೆಯಾಗಲಾರದು. ಮುಂದೆ ಮೇಷ್ಟರಾಗಬೇಕೆಂದಿರುವವರು ಮಕ್ಕಳ ಪುಸ್ತಕಗಳನ್ನು ಈಗಿನಿಂದಲೇ ಓದಬೇಕು: ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’. 2022, 2023, 2024ರ ಬಾಲ ಪುರಸ್ಕಾರಗಳು ಕ್ರಮವಾಗಿ ಇವಕ್ಕೆ ಬಂದುವು. ದೊಡ್ಡವರು ಓದಿದರೂ ನಷ್ಟವಿಲ್ಲ.

ದುಡ್ಡು ಎಲ್ಲಿಂದ ತರುವುದು ಎಂಬುದು ನ್ಯಾಯವಾದ ಪ್ರಶ್ನೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರಲ್ಲಿ ಬಂದಿತು. ಮನೆ ಕಂದಾಯದ ಜೊತೆ ಗ್ರಂಥಾಲಯದ ಕರವೂ ವಸೂಲಾಗುತ್ತದೆ. ಎಂದರೆ ಊರಿನ ಗ್ರಂಥಾಲಯದಲ್ಲಿ ನಿಮ್ಮ ತಂದೆತಾಯಿಗಳ ದುಡ್ಡೂ ಇದೆ. ಅಲ್ಲಿ ಸದಸ್ಯರಾಗಿ, ಇಲ್ಲದ ಪುಸ್ತಕವನ್ನು ತರಿಸಿರೆಂದು ಬರೆದುಕೊಡಿ. ನಮ್ಮ ಕಾಲೇಜಿನ ಗ್ರಂಥಪಾಲಕರಿಗೂ ಪಟ್ಟಿ ಕೊಡಿ. ಕೇಳುವವರಿಲ್ಲದ ಪುಸ್ತಕವನ್ನು ಯಾವ ಗ್ರಂಥಪಾಲಕರೂ ತರಿಸಲಾರರು. ಐದಾರು ಮಂದಿ ಗೆಳೆಯರು ಕೂಡಿ ತಿಂಗಳಿಗೊಂದು ಪುಸ್ತಕ ಕೊಂಡರೆ ಒಬ್ಬೊಬ್ಬರ ಪಾಲಿಗೆ ಬೀಳುವುದು ಒಂದೆರಡು ದಿನದ ಕಾಫಿ ತಿಂಡಿಯ ಖರ್ಚು.

ಎಲ್ಲಿಂದ ಆರಂಭಿಸಬೇಕೆಂದು ಇನ್ನೂ ಕೇಳುವವರಿಗೆ: ದಪ್ಪ ಪುಸ್ತಕಕ್ಕೆ ಹೆದರುವವರು ಬಾನು ಮುಷ್ತಾಕರ ಒಂದು ಕಥೆಯಿಂದ ತೊಡಗಲಿ, ‘ಕರಿ ನಾಗರಗಳು’ ಆದೀತು. ಕಥೆಯ ಓಟ ಬೇಕೆನ್ನುವವರು ‘ತೇಜೋ ತುಂಗಭದ್ರಾ’ವನ್ನು ಬೇಸಗೆಯ ರಜೆಗೆ ಇಟ್ಟುಕೊಳ್ಳಲಿ. ಓದಿದ ಮೇಲೆ ಒಂದು ಪುಟದಷ್ಟು ಅಭಿಪ್ರಾಯ ಬರೆದು ತಂದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಅದಕ್ಕೆ ಜಾಗವಿದೆ. ಮೆಚ್ಚುಗೆಯೇ ಆಗಬೇಕೆಂದಿಲ್ಲ.